ಎರಡನ್ನೂ ಹೇಳಿಕೊಟ್ಟರೆ ತಪ್ಪೇನು? ವಿಜ್ಞಾನದ ಪಿರಿಯಡ್‌ನಲ್ಲಿ ಸೃಷ್ಟಿವಾದ ಬೇಡ ಎನ್ನುವುದೇಕೆ

"ಡಾರ್ವಿನ್ ಹೇಳಿದ್ದನ್ನೂ ಹೇಳಿಕೊಡಿ, ದೇವರು ಸೃಷ್ಟಿಸಿದ ಅನ್ನುವುದನ್ನೂ ಹೇಳಿಕೊಡಿ. ಮಕ್ಕಳೇ ಯೋಚಿಸಿ ತೀರ್ಮಾನ ಮಾಡಲಿ." ಕೇಳಲು ಎಷ್ಟು ನ್ಯಾಯವಾಗಿದೆ ಅಲ್ವಾ? ಹಳ್ಳಿಯ ಪಂಚಾಯ್ತಿ ಕಟ್ಟೆಯಲ್ಲೂ ಎರಡೂ ಕಡೆಯವರ ಮಾತು ಕೇಳಿಯೇ ತೀರ್ಪು ಕೊಡುತ್ತಾರೆ. ಹಾಗಿರುವಾಗ ವಿಜ್ಞಾನಿಗಳು ಮಾತ್ರ ಇದಕ್ಕೆ ಯಾಕೆ ಒಪ್ಪುವುದಿಲ್ಲ?

ನಮ್ಮಲ್ಲಿ ಈ ಪ್ರಶ್ನೆ ಜಾಸ್ತಿ ಕೇಳಿಬಂದಿದ್ದು 2023ರಲ್ಲಿ, ಎನ್‌ಸಿಇಆರ್‌ಟಿಯ 10ನೇ ತರಗತಿ ಪುಸ್ತಕದಿಂದ ಜೀವವಿಕಾಸದ ಭಾಗ ಹೋಯಿತು ಎಂದು ಗದ್ದಲ ಎದ್ದಾಗ. ಮರುವರ್ಷ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಒಂದು ಕಾನೂನು ಬಂತು. ಜಗತ್ತು ಮತ್ತು ಜೀವ ಹೇಗೆ ಬಂದವು ಎಂಬ ವೈಜ್ಞಾನಿಕ ಸಿದ್ಧಾಂತಗಳ ಬಗ್ಗೆ ಮಕ್ಕಳು ಕೇಳಿದರೆ, ಶಿಕ್ಷಕರು ಉತ್ತರಿಸುವುದನ್ನು ಯಾರೂ ತಡೆಯುವಂತಿಲ್ಲ ಎನ್ನುತ್ತದೆ ಅದು. ಇಷ್ಟಕ್ಕೇ ಅಲ್ಲಿನ ವಿಜ್ಞಾನಿಗಳು ಗಾಬರಿಯಾದರು. ಯಾಕೆ ಅಂತ ತಿಳಿಯಬೇಕಾದರೆ, ಇದೇ ವಿಷಯಕ್ಕೆ 2005ರಲ್ಲಿ ಕೋರ್ಟು ಮೆಟ್ಟಿಲೇರಿದ ಪೆನ್ಸಿಲ್ವೇನಿಯಾದ ಡೋವರ್ ಎಂಬ ಸಣ್ಣ ಊರಿಗೆ ಹೋಗಬೇಕು. ಅದಕ್ಕೂ ಮೊದಲು ಒಂದೆರಡು ಪದ ಬಿಡಿಸಿಕೊಳ್ಳೋಣ.

ಯಾವುದಕ್ಕೆ ಏನಂತಾರೆ

ಜೀವವಿಕಾಸ ಎಂದರೆ ಜೀವಿಗಳು ತಲೆಮಾರಿನಿಂದ ತಲೆಮಾರಿಗೆ ಸ್ವಲ್ಪ ಸ್ವಲ್ಪವೇ ಬದಲಾಗುತ್ತಾ ಹೋಗುವುದು. ಇರುವ ಪರಿಸರಕ್ಕೆ ಹೊಂದುವ ಗುಣ ಇದ್ದವು ಹೆಚ್ಚು ಮರಿ ಮಾಡುತ್ತವೆ, ಆ ಗುಣ ಮುಂದಕ್ಕೆ ಹೋಗುತ್ತದೆ. ಇದಕ್ಕೆ ನೈಸರ್ಗಿಕ ಆಯ್ಕೆ ಎಂದು ಹೆಸರು. ಡಾರ್ವಿನ್ ತನ್ನ ಪುಸ್ತಕ ಪ್ರಕಟಿಸಿದ್ದು 1859ರಲ್ಲಿ.

"ಮಂಗನಿಂದ ಮಾನವ" ಎಂಬ ಮಾತು ನಮ್ಮಲ್ಲಿ ಬಾಯಿಪಾಠ ಆಗಿಬಿಟ್ಟಿದೆ. ಜೀವವಿಜ್ಞಾನ ಹಾಗೆ ಹೇಳುವುದಿಲ್ಲ. ಚಿಂಪಾಂಜಿ ನಮ್ಮ ಮುತ್ತಜ್ಜ ಅಲ್ಲ, ದಾಯಾದಿ. ಲಕ್ಷಾಂತರ ವರ್ಷಗಳ ಹಿಂದೆ ಇಬ್ಬರಿಗೂ ಒಬ್ಬನೇ ಪೂರ್ವಜ ಇದ್ದ, ಆಮೇಲೆ ಮನೆ ಪಾಲಾಯಿತು. "ಹಾಗಾದರೆ ಮಂಗಗಳು ಇನ್ನೂ ಯಾಕಿವೆ?" ಎಂದು ಕೇಳುವುದು, "ನಾನಿದ್ದೀನಲ್ಲ, ಚಿಕ್ಕಪ್ಪನ ಮಗ ಯಾಕಿದ್ದಾನೆ?" ಎಂದು ಕೇಳಿದ ಹಾಗೆ.

ಸೃಷ್ಟಿವಾದ ಎಂದರೆ ಜೀವಿಗಳನ್ನು ದೇವರು ಈಗಿರುವ ರೂಪದಲ್ಲೇ ಬೇರೆ ಬೇರೆಯಾಗಿ ಸೃಷ್ಟಿಸಿದ ಎಂಬ ನಂಬಿಕೆ. ಅಮೆರಿಕದಲ್ಲಿ ಇದರ ಬೇರು ಬೈಬಲ್ಲಿನ ಮೊದಲ ಅಧ್ಯಾಯಗಳನ್ನು ಅಕ್ಷರಶಃ ಓದುವುದರಲ್ಲಿದೆ. ಇವರಲ್ಲೂ ಪಂಗಡಗಳಿವೆ. ಭೂಮಿಗೆ ಸುಮಾರು 6 ಸಾವಿರದಿಂದ 10 ಸಾವಿರ ವರ್ಷ ಅನ್ನುವವರು ಒಂದು ಕಡೆ, ಹಳೆಯ ಭೂಮಿಯನ್ನು ಒಪ್ಪಿ ವಿಕಾಸವನ್ನು ಮಾತ್ರ ಒಪ್ಪದವರು ಇನ್ನೊಂದು ಕಡೆ. ಭೂವಿಜ್ಞಾನದ ಪ್ರಕಾರ ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ.

ಮೂರನೆಯದು ಬುದ್ಧಿವಂತ ವಿನ್ಯಾಸ. ಜೀವಿಗಳ ಕೆಲವು ಭಾಗಗಳು ತಾವಾಗಿಯೇ ಬೆಳೆದು ಬರಲಾರದಷ್ಟು ಜಟಿಲ, ಆದ್ದರಿಂದ ಯಾರೋ ಬುದ್ಧಿವಂತರು ಅವನ್ನು ರೂಪಿಸಿರಬೇಕು ಎನ್ನುವ ವಾದ. ಯಾರು ಆ ಬುದ್ಧಿವಂತ ಎಂದು ಇವರು ಹೇಳುವುದಿಲ್ಲ. ದೇವರು ಎಂಬ ಪದವನ್ನು ಜಾಣತನದಿಂದ ದೂರ ಇಡುತ್ತಾರೆ.

"ಬರೀ ಥಿಯರಿ ತಾನೇ?"

ಮಾತು ಅರ್ಧ ಕೆಡುವುದು ಈ ಪದದಿಂದಲೇ. "ಹೇಳೋದೆಲ್ಲ ಥಿಯರಿ, ಪ್ರಾಕ್ಟಿಕಲ್ ಆಗಿ ಆಗಲ್ಲ" ಎನ್ನುತ್ತೇವೆ. ಅಲ್ಲಿ ಥಿಯರಿ ಎಂದರೆ ಊಹೆ. ವಿಜ್ಞಾನದಲ್ಲಿ ಊಹೆಗೆ ಬೇರೆಯೇ ಪದವಿದೆ. ಸಾವಿರಾರು ಗಮನಿಕೆಗಳನ್ನು ಒಟ್ಟಿಗೆ ಹಿಡಿದು ವಿವರಿಸುವ, ಮತ್ತೆ ಮತ್ತೆ ಪರೀಕ್ಷೆಗೆ ಒಡ್ಡಿಯೂ ಬಿದ್ದುಹೋಗದ ವಿವರಣೆಯನ್ನಷ್ಟೇ ಅಲ್ಲಿ ಥಿಯರಿ, ಅಂದರೆ ಸಿದ್ಧಾಂತ ಎನ್ನುತ್ತಾರೆ. ಕಾಯಿಲೆ ಬರುವುದು ರೋಗಾಣುಗಳಿಂದ ಎನ್ನುವುದೂ ಒಂದು ಥಿಯರಿಯೇ. "ಬರೀ ಥಿಯರಿ" ಅಂತ ಆಪರೇಷನ್‌ಗೆ ಮೊದಲು ಯಾವ ಡಾಕ್ಟರೂ ಕೈ ತೊಳೆಯದೆ ಬರುವುದಿಲ್ಲ.

ಕನ್ನಡದಲ್ಲಿ ನಾವೇ ಇನ್ನೊಂದು ಗೊಂದಲ ಸೇರಿಸಿಕೊಂಡಿದ್ದೇವೆ. ವಿಕಾಸ"ವಾದ" ಎನ್ನುತ್ತೇವೆ. ಸಮಾಜವಾದ, ಗಾಂಧಿವಾದ, ಬಂಡವಾಳವಾದಗಳ ಸಾಲಿನಲ್ಲಿ ಅದೂ ಕೂತುಬಿಡುತ್ತದೆ. ವಾದ ಅಂದಮೇಲೆ ಪ್ರತಿವಾದ ಇರಬೇಕಲ್ಲ! ಗುರುತ್ವಾಕರ್ಷಣೆಯನ್ನು ಯಾರೂ ಗುರುತ್ವವಾದ ಎನ್ನುವುದಿಲ್ಲ. ನಾನಂತೂ ಈ ಲೇಖನದಲ್ಲಿ ಜೀವವಿಕಾಸ ಅಂತಲೇ ಬರೆಯುತ್ತೇನೆ.

ಪರೀಕ್ಷೆಗೆ ಒಡ್ಡುವುದು ಎಂದರೆ ಹೇಗೆ?

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಡೋವರ್ ಮೊಕದ್ದಮೆಯಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಕೆನೆತ್ ಮಿಲ್ಲರ್ ನ್ಯಾಯಾಧೀಶರಿಗೆ ಹೇಳಿದ್ದು ಇದನ್ನೇ.

ನಮ್ಮ ಜೀವಕೋಶದಲ್ಲಿ ಕ್ರೋಮೋಸೋಮುಗಳು, ಅಂದರೆ ವಂಶದ ಗುಣಗಳನ್ನು ಹೊತ್ತ ಎಳೆಗಳು, 23 ಜೊತೆ. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಿಗೆ 24 ಜೊತೆ. ಇವರೆಲ್ಲ ನಿಜವಾಗಿಯೂ ದಾಯಾದಿಗಳಾಗಿದ್ದರೆ ನಮ್ಮ ಒಂದು ಜೊತೆ ಎಲ್ಲಿ ಹೋಯಿತು? ಪೂರ್ತಿ ಒಂದು ಜೊತೆ ಕಳೆದುಹೋದರೆ ಜೀವಿ ಉಳಿಯುವುದಿಲ್ಲ. ಹಾಗಾದರೆ ಉಳಿದ ದಾರಿ ಒಂದೇ. ಎರಡು ಕ್ರೋಮೋಸೋಮುಗಳು ಎಲ್ಲೋ ಒಂದಕ್ಕೊಂದು ಅಂಟಿಕೊಂಡಿರಬೇಕು.

ಈಗ ಸೀರೆ ಸೆರಗಿನ ಕುಚ್ಚನ್ನು ನೆನಪಿಸಿಕೊಳ್ಳಿ. ನೂಲು ಬಿಚ್ಚಿಹೋಗದಿರಲಿ ಅಂತ ತುದಿಯಲ್ಲಿ ಕಟ್ಟಿರುತ್ತಾರೆ. ಕ್ರೋಮೋಸೋಮಿನ ತುದಿಗಳಲ್ಲೂ ಅಂಥದ್ದೇ ಒಂದು ಗುರುತು ಇರುತ್ತದೆ, ಅದರ ಹೆಸರು ಟೆಲೋಮಿಯರ್. ಎರಡು ಸೆರಗುಗಳನ್ನು ತುದಿಗೆ ತುದಿ ಸೇರಿಸಿ ಹೊಲಿದರೆ ಕುಚ್ಚು ಬಟ್ಟೆಯ ನಡುವೆ ಬರುತ್ತದೆ. ನಡುವೆ ಕುಚ್ಚು ಕಂಡರೆ ಇದು ಮೊದಲು ಎರಡಾಗಿತ್ತು ಎಂದು ಯಾರಾದರೂ ಹೇಳಿಬಿಡಬಹುದು. ಅದೇ ರೀತಿ ಪ್ರತಿ ಕ್ರೋಮೋಸೋಮಿಗೂ ಸೆಂಟ್ರೋಮಿಯರ್ ಎಂಬ ಒಂದು ಗಂಟು ಇರುತ್ತದೆ. ಅಂಟಿಕೊಂಡದ್ದರಲ್ಲಿ ಅಂಥ ಗಂಟಿನ ಗುರುತು ಎರಡು ಸಿಗಬೇಕು.

ಹುಡುಕಿದರು. ಮನುಷ್ಯನ ಎರಡನೇ ನಂಬರಿನ ಕ್ರೋಮೋಸೋಮಿನಲ್ಲಿ ಎರಡೂ ಸಿಕ್ಕವು. ನಡುವೆ ತುದಿಯ ಗುರುತು, ಜೊತೆಗೆ ಕೆಲಸ ನಿಲ್ಲಿಸಿದ ಇನ್ನೊಂದು ಗಂಟಿನ ಪಳೆಯುಳಿಕೆ. ಚಿಂಪಾಂಜಿಯ ಜೀನೋಮಿನ, ಅಂದರೆ ಅದರ ಒಟ್ಟು ಡಿಎನ್‌ಎಯ, ಮೊದಲ ಕರಡು ಪ್ರಕಟವಾದದ್ದು 2005ರ ಸೆಪ್ಟೆಂಬರ್‌ನಲ್ಲಿ, ಡೋವರ್ ವಿಚಾರಣೆ ಶುರುವಾದ ತಿಂಗಳಲ್ಲೇ. ನಮ್ಮ ಎರಡನೇ ಕ್ರೋಮೋಸೋಮು ಚಿಂಪಾಂಜಿಯ ಎರಡು ಕ್ರೋಮೋಸೋಮುಗಳಿಗೆ ಹೊಂದುತ್ತದೆ.

ಆ ಗುರುತುಗಳು ಸಿಗದೇ ಇದ್ದಿದ್ದರೆ? ಒಂದೇ ಪೂರ್ವಜ ಎಂಬ ಮಾತು ದೊಡ್ಡ ಕಷ್ಟಕ್ಕೆ ಸಿಕ್ಕಿಬೀಳುತ್ತಿತ್ತು. ವಿಜ್ಞಾನಿಗಳು "ಪರೀಕ್ಷೆ" ಎನ್ನುವುದು ಈ ಸೋಲುವ ಸಾಧ್ಯತೆಗೆ. "ದೇವರು ಹಾಗೆ ಮಾಡಿದ" ಎನ್ನುವ ಉತ್ತರಕ್ಕೆ ಈ ಅಪಾಯವೇ ಇಲ್ಲ. ಗುರುತು ಸಿಕ್ಕರೂ ದೇವರ ಇಚ್ಛೆ, ಸಿಗದಿದ್ದರೂ ದೇವರ ಇಚ್ಛೆ. ಅದು ನಿಜವೋ ಸುಳ್ಳೋ ಎಂದು ಲ್ಯಾಬಿನಲ್ಲಿ ನೋಡಲು ದಾರಿಯಿಲ್ಲ. ವಿಜ್ಞಾನಿಗಳ ಆಕ್ಷೇಪವೆಲ್ಲ ನಿಂತಿರುವುದು ಇದರ ಮೇಲೆ.

ನಿಷೇಧದಿಂದ ಸಮಪಾಲಿನವರೆಗೆ

ಅಮೆರಿಕದಲ್ಲಿ ಜಗಳ ಶುರುವಾದದ್ದು ತಿರುವುಮುರುವಾಗಿ. ಮೊದಲು ನಿಷೇಧವಾಗಿದ್ದು ಜೀವವಿಕಾಸದ ಪಾಠವೇ. 1925ರಲ್ಲಿ ಟೆನೆಸಿ ರಾಜ್ಯ ಅದನ್ನು ಕಲಿಸುವುದು ಅಪರಾಧ ಎಂದಿತು. ಡೇಟನ್ ಊರಿನ ಮೇಷ್ಟ್ರು ಜಾನ್ ಸ್ಕೋಪ್ಸ್‌ಗೆ 100 ಡಾಲರ್ ದಂಡ ಬಿತ್ತು. ಮೇಲಿನ ಕೋರ್ಟು ಆಮೇಲೆ ತಾಂತ್ರಿಕ ಕಾರಣಕ್ಕೆ ಅದನ್ನು ರದ್ದು ಮಾಡಿತು, ಆದರೆ ಕಾನೂನು 1967ರವರೆಗೂ ಉಳಿಯಿತು. ಇಂಥ ನಿಷೇಧಗಳು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1968ರಲ್ಲಿ. ಅಲ್ಲಿನ ಸಂವಿಧಾನದ ಮೊದಲ ತಿದ್ದುಪಡಿಯ ಪ್ರಕಾರ ಸರ್ಕಾರ ಯಾವ ಧರ್ಮವನ್ನೂ ಎತ್ತಿಹಿಡಿಯುವಂತಿಲ್ಲ. ಸರ್ಕಾರಿ ಶಾಲೆ ಎಂದರೆ ಸರ್ಕಾರವೇ.

ನಿಷೇಧ ಆಗದಿದ್ದರೆ ಪಾಲಾದರೂ ಕೊಡಿ ಎಂಬ ಬೇಡಿಕೆ ಬಂತು. ಸೃಷ್ಟಿವಾದಕ್ಕೆ "ಸೃಷ್ಟಿ ವಿಜ್ಞಾನ" ಎಂದು ಹೊಸ ಹೆಸರಿಟ್ಟು, ಇಬ್ಬರಿಗೂ ಸಮ ಸಮ ಎನ್ನುವ ಕಾನೂನುಗಳು ಅರ್ಕಾನ್ಸಾ ಮತ್ತು ಲೂಸಿಯಾನಾಗಳಲ್ಲಿ ಬಂದವು. ಅರ್ಕಾನ್ಸಾದ್ದು 1982ರಲ್ಲಿ ಕೋರ್ಟಿನಲ್ಲಿ ಬಿತ್ತು. ಲೂಸಿಯಾನಾದ್ದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆಗ 72 ಮಂದಿ ನೊಬೆಲ್ ವಿಜೇತ ವಿಜ್ಞಾನಿಗಳು ಒಟ್ಟಿಗೆ ಸಹಿ ಹಾಕಿ ಕೋರ್ಟಿಗೆ ತಮ್ಮ ಅಭಿಪ್ರಾಯ ಸಲ್ಲಿಸಿದರು. ವಿಜ್ಞಾನ ಎಂದರೇನು, ಸಿದ್ಧಾಂತ ಎಂದರೇನು ಎಂಬ ಪಾಠವೇ ಅದರಲ್ಲಿತ್ತು. 1987ರಲ್ಲಿ 7–2 ಬಹುಮತದಿಂದ ಆ ಕಾನೂನೂ ಹೋಯಿತು.

ಡೋವರ್‌ನಲ್ಲಿ ನಡೆದದ್ದು

2004ರ ಅಕ್ಟೋಬರ್‌ನಲ್ಲಿ ಡೋವರ್‌ನ ಶಾಲಾ ಮಂಡಳಿ (ಊರಿನವರೇ ಓಟು ಹಾಕಿ ಆರಿಸುವ, ಸರ್ಕಾರಿ ಶಾಲೆ ನಡೆಸುವ ಸಮಿತಿ) 6–3 ಮತಗಳಿಂದ ಒಂದು ನಿರ್ಧಾರ ಮಾಡಿತು. 9ನೇ ತರಗತಿಯ ಜೀವಶಾಸ್ತ್ರದ ಮಕ್ಕಳಿಗೆ ಒಂದು ಹೇಳಿಕೆ ಓದಿ ಹೇಳಬೇಕು. ಡಾರ್ವಿನ್‌ನದು ಸಿದ್ಧಾಂತವೇ ಹೊರತು ಸತ್ಯಾಂಶ ಅಲ್ಲ, ಅದರಲ್ಲಿ ತೂತುಗಳಿವೆ, ಬುದ್ಧಿವಂತ ವಿನ್ಯಾಸ ಎಂಬ ಬೇರೆ ವಿವರಣೆ ಇದೆ, ಬೇಕಾದವರು "ಆಫ್ ಪಾಂಡಾಸ್ ಅಂಡ್ ಪೀಪಲ್" ಎಂಬ ಪುಸ್ತಕ ನೋಡಿ ಎಂಬುದು ಅದರ ಸಾರ. ಬರೀ ನಾಲ್ಕು ಪ್ಯಾರಾ. ಒಂದೆರಡು ನಿಮಿಷದಲ್ಲಿ ಓದಿ ಮುಗಿಸಬಹುದು.

ವಿಜ್ಞಾನದ ಶಿಕ್ಷಕರು ಓದುವುದಿಲ್ಲ ಎಂದರು. ಪಾಠದ ವಿಷಯವನ್ನು ಗೊತ್ತಿದ್ದೂ ತಪ್ಪಾಗಿ ಹೇಳಬಾರದು ಎನ್ನುವುದು ಆ ರಾಜ್ಯದ ಶಿಕ್ಷಕರ ನಡತೆ ನಿಯಮ, ಅದನ್ನೇ ತೋರಿಸಿದರು. ಕೊನೆಗೆ 2005ರ ಜನವರಿಯಲ್ಲಿ ಆಡಳಿತದವರೇ ತರಗತಿಗೆ ಬಂದು ಓದಿ ಹೋದರು. ಅಷ್ಟರಲ್ಲಿ 11 ಮಂದಿ ಪೋಷಕರು ಮೊಕದ್ದಮೆ ಹಾಕಿದ್ದರು.

ವಿಚಾರಣೆ ಹ್ಯಾರಿಸ್‌ಬರ್ಗ್‌ನಲ್ಲಿ ಸೆಪ್ಟೆಂಬರ್ 26ರಿಂದ ನವೆಂಬರ್ 4ರವರೆಗೆ ನಡೆಯಿತು. ನ್ಯಾಯಾಧೀಶ ಜಾನ್ ಜೋನ್ಸ್ ಅವರನ್ನು ನೇಮಿಸಿದ್ದು ಸಂಪ್ರದಾಯವಾದಿ ರಿಪಬ್ಲಿಕನ್ ಪಕ್ಷದ ಅಧ್ಯಕ್ಷ ಜಾರ್ಜ್ ಡಬ್ಲ್ಯೂ ಬುಷ್. ಪೋಷಕರ ಪರ ಮೊದಲು ಸಾಕ್ಷಿ ಹೇಳಿದ ಮಿಲ್ಲರ್ ಚರ್ಚಿಗೆ ಹೋಗುವ ಕ್ಯಾಥೊಲಿಕ್. ಮಂಡಳಿಯವರು "ಡಾರ್ವಿನ್ ಜಾಸ್ತಿಯಾಯಿತು" ಎಂದು ತಕರಾರು ತೆಗೆದ ಪಠ್ಯಪುಸ್ತಕದ ಲೇಖಕರಲ್ಲಿ ಒಬ್ಬರೂ ಅವರೇ!

ಬುದ್ಧಿವಂತ ವಿನ್ಯಾಸ ಹೊಸ ವಿಜ್ಞಾನವೋ, ಹಳೆಯ ಸೃಷ್ಟಿವಾದವೋ? ಇಡೀ ಮೊಕದ್ದಮೆ ಈ ಪ್ರಶ್ನೆಯ ಮೇಲೆ ನಿಂತಿತ್ತು. ಉತ್ತರ ಸಿಕ್ಕಿದ್ದು ಪಾಂಡಾ ಪುಸ್ತಕದ ಹಳೆಯ ಕರಡುಗಳಲ್ಲಿ. ತತ್ವಶಾಸ್ತ್ರದ ಪ್ರಾಧ್ಯಾಪಕಿ ಬಾರ್ಬರಾ ಫಾರೆಸ್ಟ್ ಆ ಕರಡುಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರು. 1987ರ ತೀರ್ಪಿಗೆ ಮೊದಲಿನ ಕರಡಿನಲ್ಲಿ "ಸೃಷ್ಟಿ ಎಂದರೆ ಮೀನುಗಳು ರೆಕ್ಕೆ ಹುರುಪೆಗಳೊಂದಿಗೆ, ಹಕ್ಕಿಗಳು ಗರಿ ಕೊಕ್ಕುಗಳೊಂದಿಗೆ ಒಮ್ಮೆಲೇ ಬಂದವು" ಎಂಬ ಅರ್ಥದ ವಾಕ್ಯವಿತ್ತು. ತೀರ್ಪಿನ ನಂತರದ ಕರಡಿನಲ್ಲೂ ಅದೇ ಮೀನು, ಅದೇ ಹಕ್ಕಿ. "ಸೃಷ್ಟಿ" ಇದ್ದ ಜಾಗದಲ್ಲಿ "ಬುದ್ಧಿವಂತ ವಿನ್ಯಾಸ" ಬಂದು ಕೂತಿತ್ತು.

ಒಂದು ಕಡೆ ಕೈ ಜಾರಿತ್ತು. ಡಿಟಿಪಿ ಅಂಗಡಿಯಲ್ಲಿ ಹಳೆ ಲಗ್ನಪತ್ರಿಕೆಯ ಫೈಲ್ ತೆಗೆದು ಹೊಸ ಹೆಸರು ಹಾಕುವಾಗ ಹಳೆ ವರನ ಹೆಸರಿನ ಅರ್ಧ ಉಳಿದುಬಿಡುತ್ತದಲ್ಲ, ಹಾಗೆ. ಸೃಷ್ಟಿವಾದಿಗಳು ಎಂಬ ಪದದ ಮೇಲೆ ವಿನ್ಯಾಸ ಪ್ರತಿಪಾದಕರು ಎಂದು ಟೈಪ್ ಮಾಡುವಾಗ ಹಳೆ ಪದದ ತಲೆ ಮತ್ತು ಬಾಲ ಹಾಗೇ ಉಳಿದಿತ್ತು. ಕನ್ನಡದಲ್ಲಾದರೆ "ಸೃವಿನ್ಯಾಸ ಪ್ರತಿಪಾದಕವಾದಿಗಳು" ಎಂದಾಗುತ್ತಿತ್ತೇನೋ.

ಇಲಿಬೋನು ಮತ್ತು ಕಮಾನು

ಇನ್ನೊಂದು ಕಡೆಯ ಮುಖ್ಯ ಸಾಕ್ಷಿ ಲೀಹೈ ವಿಶ್ವವಿದ್ಯಾಲಯದ ಜೀವರಸಾಯನ ವಿಜ್ಞಾನಿ ಮೈಕೆಲ್ ಬೀಹಿ. ಅವರ ವಾದವನ್ನು ಸರಿಯಾಗಿ ಕೇಳಿಸಿಕೊಳ್ಳಬೇಕು, ಯಾಕೆಂದರೆ ಇವತ್ತೂ ಎಲ್ಲ ಕಡೆ ಓಡಾಡುವುದು ಅದೇ.

ಇಲಿಬೋನಿಗೆ ಹಲಗೆ, ಸ್ಪ್ರಿಂಗು, ಸರಳು, ಕೊಕ್ಕೆ ಎಲ್ಲವೂ ಬೇಕು. ಒಂದು ತೆಗೆದರೂ ಇಲಿ ಬೀಳುವುದಿಲ್ಲ. ಅರ್ಧ ಬೋನಿನಿಂದ ಅರ್ಧ ಇಲಿ ಹಿಡಿಯಲಾಗದು. ಕೆಲವು ಬ್ಯಾಕ್ಟೀರಿಯಾಗಳು ಈಜಲು ತಿರುಗಿಸುವ ಬಾಲವೂ ಹೀಗೇ ಹತ್ತಾರು ಭಾಗಗಳ ಯಂತ್ರ. ಎಲ್ಲವೂ ಒಟ್ಟಿಗೇ ಬಂದಿರಬೇಕು, ಸ್ವಲ್ಪ ಸ್ವಲ್ಪವಾಗಿ ಬಂದಿರಲು ಸಾಧ್ಯವಿಲ್ಲ ಎಂದರು ಬೀಹಿ.

ವಿಜಯಪುರದ ಬಾರಾ ಕಮಾನ್ ನೋಡಿದ್ದೀರಾ? ಕಮಾನಿನ ನೆತ್ತಿಯ ಕಲ್ಲು ತೆಗೆದರೆ ಉಳಿದವೂ ಉರುಳುತ್ತವೆ. ಹಾಗಂತ ಎಲ್ಲ ಕಲ್ಲನ್ನೂ ಒಂದೇ ಕ್ಷಣದಲ್ಲಿ ಇಟ್ಟರೇ? ಕೆಳಗೆ ಸೆಂಟ್ರಿಂಗ್ ಕೊಟ್ಟು ಒಂದೊಂದೇ ಕಲ್ಲು ಇಟ್ಟು, ಆಮೇಲೆ ಸೆಂಟ್ರಿಂಗ್ ಬಿಚ್ಚಿದರು. ಈಗ ನಿಂತಿರುವುದನ್ನು ಮಾತ್ರ ನೋಡಿದರೆ ಬಿಚ್ಚಿದ್ದು ಕಾಣುವುದಿಲ್ಲ. ಜೀವಿಗಳಲ್ಲೂ ಹಿಂದೆ ಆಸರೆಯಾಗಿದ್ದ ಭಾಗ ಆಮೇಲೆ ಇಲ್ಲವಾಗಬಹುದು.

ಇನ್ನೊಂದು ದಾರಿಯೂ ಇದೆ. ಒಂದು ಕೆಲಸಕ್ಕಿದ್ದ ಭಾಗ ಮತ್ತೊಂದಕ್ಕೆ ಬಳಕೆಯಾಗುವುದು. ಹಳೆ ಸೀರೆ ಕೌದಿಯಾಗುವಂತೆ. ಇಲಿಬೋನಿನ ಒಂದೆರಡು ಭಾಗ ತೆಗೆದರೆ ಟೈಗೆ ಕ್ಲಿಪ್ ಆಗುತ್ತದೆ ಎಂದು ಮಿಲ್ಲರ್ ಅದನ್ನೇ ಟೈಗೆ ಸಿಕ್ಕಿಸಿ ತೋರಿಸುವುದುಂಟು. ಬ್ಯಾಕ್ಟೀರಿಯಾದ ಬಾಲದಲ್ಲಿರುವ ಕೆಲವು ಪ್ರೋಟೀನುಗಳಿಗೆ ತೀರಾ ಹೋಲುವಂಥವು ಪ್ಲೇಗಿನ ಬ್ಯಾಕ್ಟೀರಿಯಾದಲ್ಲಿ ವಿಷ ಚುಚ್ಚುವ ಸಿರಿಂಜಿನಂತೆ ಕೆಲಸ ಮಾಡುತ್ತವೆ. ಅಂದರೆ ಕೆಲವು ಭಾಗ ಇಲ್ಲದೆಯೂ ಉಪಯೋಗ ಇದೆ.

ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆಯೂ ಹೀಗೆ ವಿಕಾಸವಾಗಲಾರದು ಎನ್ನುವುದು ಬೀಹಿ ಅವರ ಇನ್ನೊಂದು ವಾದ. ಪೋಷಕರ ವಕೀಲರು ಅದರ ವಿಕಾಸದ ಬಗ್ಗೆ ಪ್ರಕಟವಾದ 58 ಪ್ರಬಂಧ, 9 ಪುಸ್ತಕಗಳನ್ನು ಅವರ ಮುಂದೆ ಪೇರಿಸಿಟ್ಟರು. ಇವು ಸಾಲವು ಎಂದರು ಬೀಹಿ. ವೈಜ್ಞಾನಿಕ ಸಿದ್ಧಾಂತ ಎನ್ನುವುದಕ್ಕೆ ನೀವು ಕೊಡುವ ಅರ್ಥದೊಳಗೆ ಜ್ಯೋತಿಷ್ಯವೂ ಬರುತ್ತದಲ್ಲವೇ ಎಂದು ಕೇಳಿದ್ದಕ್ಕೆ, ಹೌದು ಎಂದರು. ಇಷ್ಟೆಲ್ಲ ಆದರೂ ಭೂಮಿ ಹಳೆಯದು, ಮನುಷ್ಯ ಮತ್ತು ಚಿಂಪಾಂಜಿಗೆ ಒಬ್ಬನೇ ಪೂರ್ವಜ ಎನ್ನುವುದನ್ನು ಬೀಹಿ ಒಪ್ಪುತ್ತಾರೆ ಎಂಬುದು ಅವರನ್ನು ಉಲ್ಲೇಖಿಸುವ ಬಹಳ ಜನರಿಗೆ ಗೊತ್ತಿರುವುದಿಲ್ಲ.

ರಣಜಿ ಆಡದೆ ಟೆಸ್ಟ್ ತಂಡಕ್ಕೆ

ಈಗ ಮೊದಲ ಪ್ರಶ್ನೆಗೆ ಬರೋಣ. ಎರಡನ್ನೂ ಹೇಳಿಕೊಟ್ಟರೆ ತಪ್ಪೇನು?

ಹೊಸ ವಿಚಾರವೊಂದು ಶಾಲೆಯ ಪುಸ್ತಕಕ್ಕೆ ಬರುವ ದಾರಿ ಉದ್ದ. ಮೊದಲು ಪ್ರಯೋಗ. ಆಮೇಲೆ ಅದೇ ವಿಷಯ ಬಲ್ಲ ಬೇರೆಯವರು ತಪ್ಪು ಹುಡುಕಿ ನೋಡಿದ ಮೇಲೆ ಪ್ರಕಟಣೆ. ಬೇರೆ ಲ್ಯಾಬುಗಳಲ್ಲಿ ಮತ್ತೆ ಪರೀಕ್ಷೆ. ವರ್ಷಗಟ್ಟಲೆ ಜಗಳ. ಗೆದ್ದದ್ದು ಕಾಲೇಜಿಗೆ, ಕೊನೆಗೆ ಹೈಸ್ಕೂಲಿಗೆ. ಕ್ಲಬ್ಬು, ರಣಜಿ ಆಡಿ ರನ್ ಮಾಡಿದ ಮೇಲೆ ಟೆಸ್ಟ್ ತಂಡಕ್ಕೆ ಬರುವ ಹಾಗೆ. ಬುದ್ಧಿವಂತ ವಿನ್ಯಾಸ ಕೇಳಿದ್ದು ನೇರ ಟೆಸ್ಟ್ ಕ್ಯಾಪ್. ಅದನ್ನು ಪ್ರಯೋಗದಿಂದಲೋ ಲೆಕ್ಕದಿಂದಲೋ ಬೆಂಬಲಿಸುವ, ತಜ್ಞರು ಪರಿಶೀಲಿಸಿದ ಪ್ರಬಂಧ ಒಂದೂ ಇಲ್ಲ ಎಂದು ಬೀಹಿ ಅವರೇ ಕೋರ್ಟಿನಲ್ಲಿ ಒಪ್ಪಿಕೊಂಡರು.

ಜೀವವಿಕಾಸದ ಬಗ್ಗೆ ವಿಜ್ಞಾನಿಗಳಲ್ಲಿ ಜಗಳವೇ ಇಲ್ಲವೇ? ಬೇಕಾದಷ್ಟಿದೆ. ಯಾವ ಶಾಖೆ ಯಾವಾಗ ಕವಲೊಡೆಯಿತು, ಬದಲಾವಣೆ ಎಷ್ಟು ಬೇಗ ಆಗುತ್ತದೆ ಎಂದೆಲ್ಲ. ವಿಕಾಸ ನಡೆಯಿತೇ ಇಲ್ಲವೇ ಎಂಬುದರ ಮೇಲೆ ಮಾತ್ರ ಇಲ್ಲ. ಇಲ್ಲದ ಜಗಳವನ್ನು ಇದೆ ಎಂದು 14 ವರ್ಷದ ಮಕ್ಕಳಿಗೆ ಹೇಳಿದರೆ ಅದು ತಪ್ಪು ಮಾಹಿತಿ ಎನ್ನುವುದು ಅವರ ನಿಲುವು. ಆಂಟಿಬಯೋಟಿಕ್ ಕೋರ್ಸ್ ಪೂರ್ತಿ ಮಾಡಿ ಎಂದು ಡಾಕ್ಟರ್ ಹೇಳಿದರೂ ಕೆಲವು ಬ್ಯಾಕ್ಟೀರಿಯಾ ಔಷಧಿಗೆ ಬಗ್ಗುವುದಿಲ್ಲವಲ್ಲ, ಅದು ಹೇಗೆ ಎಂದು ತಿಳಿಯಲೂ ನೈಸರ್ಗಿಕ ಆಯ್ಕೆಯೇ ಬೇಕು.

ಇದು ದೇವರ ವಿರುದ್ಧದ ಹೋರಾಟ ಅಂದುಕೊಳ್ಳುವವರು ಜಾಸ್ತಿ. ಡೋವರ್‌ನಲ್ಲಿ ಪೋಷಕರ ಪರ ಸಾಕ್ಷಿ ಹೇಳಿದವರಲ್ಲಿ ಕ್ಯಾಥೊಲಿಕ್ ದೇವತಾಶಾಸ್ತ್ರಜ್ಞ ಜಾನ್ ಹಾಟ್ ಕೂಡ ಇದ್ದರು. ವಿಕಾಸ ಬರಿಯ ಊಹೆಗಿಂತ ಮಿಗಿಲಾದದ್ದು ಎಂದು ಪೋಪ್ ಎರಡನೇ ಜಾನ್ ಪಾಲ್ 1996ರಲ್ಲೇ ಹೇಳಿದ್ದರು. ಅಮೆರಿಕದ ಶಾಲೆಗಳಲ್ಲಿ ಧರ್ಮಗಳ ಬಗ್ಗೆ ಇತಿಹಾಸದ, ಸಾಹಿತ್ಯದ ತರಗತಿಯಲ್ಲಿ ಓದಿಸಲು ಅಡ್ಡಿಯಿಲ್ಲ. ತಕರಾರು ಇರುವುದು ಅದಕ್ಕೆ ವಿಜ್ಞಾನ ಎಂಬ ಚೀಟಿ ಅಂಟಿಸುವುದಕ್ಕೆ.

ನಮ್ಮಲ್ಲಿ ಆಗಿದ್ದೂ ಇದೇನಾ?

ಪೂರ್ತಿ ಅಲ್ಲ. 2018ರ ಜನವರಿಯಲ್ಲಿ ಆಗಿನ ಕೇಂದ್ರ ರಾಜ್ಯ ಸಚಿವ ಸತ್ಯಪಾಲ್ ಸಿಂಗ್, ಮಂಗ ಮನುಷ್ಯನಾಗಿದ್ದನ್ನು ನಮ್ಮ ಪೂರ್ವಜರು ಯಾರೂ ಕಂಡಿಲ್ಲ, ಡಾರ್ವಿನ್ ಸಿದ್ಧಾಂತ ತಪ್ಪು, ಪಠ್ಯ ಬದಲಾಗಬೇಕು ಎಂದಿದ್ದರು. ಬೆಂಗಳೂರಿನಲ್ಲಿರುವ ಭಾರತೀಯ ವಿಜ್ಞಾನ ಅಕಾಡೆಮಿ ಸೇರಿ ದೇಶದ ಮೂರೂ ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ವಿರೋಧಿಸಿದವು. ಪಠ್ಯ ಆಗ ಬದಲಾಗಲಿಲ್ಲ.

2023ರದ್ದು ಬೇರೆ. "ಅನುವಂಶೀಯತೆ ಮತ್ತು ವಿಕಾಸ" ಎಂದಿದ್ದ 10ನೇ ತರಗತಿಯ ಅಧ್ಯಾಯ ಬರೀ "ಅನುವಂಶೀಯತೆ" ಆಯಿತು. ಆ ಜಾಗಕ್ಕೆ ಯಾವ ಸೃಷ್ಟಿಕಥೆಯೂ ಬರಲಿಲ್ಲ. ಕೋವಿಡ್ ನಂತರ ಮಕ್ಕಳ ಹೊರೆ ಇಳಿಸಲು ಹೀಗೆ ಮಾಡಿದ್ದು, 12ನೇ ತರಗತಿಯಲ್ಲಿ ವಿಕಾಸದ ಪಾಠ ಇದ್ದೇ ಇದೆ ಎಂದು ಎನ್‌ಸಿಇಆರ್‌ಟಿ ಹೇಳಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿದ್ದು ಈ ಉತ್ತರ ಸಾಲದು ಎಂದೇ. 10 ಮುಗಿಸಿ ಕಾಮರ್ಸು, ಆರ್ಟ್ಸು, ಐಟಿಐ ಕಡೆ ಹೋಗುವ ಮಕ್ಕಳು 12ರ ಜೀವಶಾಸ್ತ್ರದ ಪುಸ್ತಕ ತೆರೆಯುವುದೇ ಇಲ್ಲ.

10,00,011 ಡಾಲರ್

ಡೋವರ್ ತೀರ್ಪು 2005ರ ಡಿಸೆಂಬರ್ 20ರಂದು ಬಂತು, 139 ಪುಟ. ಬುದ್ಧಿವಂತ ವಿನ್ಯಾಸ ವಿಜ್ಞಾನವಲ್ಲ, ಅದು ಸೃಷ್ಟಿವಾದದಿಂದಲೇ ಬಂದದ್ದು, ವಿಜ್ಞಾನದ ತರಗತಿಯಲ್ಲಿ ಅದನ್ನು ಹೇಳುವುದು ಸಂವಿಧಾನಕ್ಕೆ ವಿರುದ್ಧ ಎಂದರು ಜೋನ್ಸ್. ಅದರ ಬಗ್ಗೆ ಅಧ್ಯಯನ, ಚರ್ಚೆ ನಡೆಯಬಾರದು ಎಂದು ತಾನು ಹೇಳುತ್ತಿಲ್ಲ ಎಂದೂ ಬರೆದರು. ಮಂಡಳಿ ಮೇಲ್ಮನವಿ ಹಾಕಲಿಲ್ಲ. ಹಾಕಲು ಹಳೆಯ ಮಂಡಳಿಯೇ ಇರಲಿಲ್ಲ. ತೀರ್ಪಿಗೆ ಆರು ವಾರ ಮೊದಲು ನಡೆದ ಚುನಾವಣೆಯಲ್ಲಿ ಊರಿನವರು ಎಂಟು ಮಂದಿಯನ್ನು ಮನೆಗೆ ಕಳಿಸಿದ್ದರು.

ಖರ್ಚು ಬಿದ್ದದ್ದು ಹೊಸ ಮಂಡಳಿಯ ತಲೆಗೆ. ಪೋಷಕರ ಕಡೆಯ ವಕೀಲರ ಲೆಕ್ಕ 20 ಲಕ್ಷ ಡಾಲರ್ ದಾಟಿತ್ತು. ಊರು ಸಣ್ಣದು ಎಂದು 10,00,011 ಡಾಲರಿಗೆ ಇಳಿಸಿದರು. ನೋಡಿದರೆ ನಮ್ಮ ಮದುವೆಮನೆಯ ಮುಯ್ಯಿ ಲೆಕ್ಕ ಇದ್ದ ಹಾಗಿದೆ. ಆದರೆ ಕೊನೆಯ ಆ 11 ಡಾಲರ್ ಶಾಸ್ತ್ರಕ್ಕೆ ಸೇರಿಸಿದ್ದಲ್ಲ. ಮೊಕದ್ದಮೆ ಹಾಕಿದ 11 ಪೋಷಕರಿಗೆ ತಲಾ ಒಂದು ಡಾಲರ್ ಪರಿಹಾರ.